ಹಿಂದಿನ ಸೀಟಿನ ಸಾಕ್ಷಿ



ಹೋದ ವರ್ಷ ಹತ್ತಿ ಬಿಡಿಸುವ ಹಂಗಾಮಿನ ಒಂದು ಸಂಜೆ. ನನ್ನ ತವರು ಮನೆ ಶಿರಗುಪ್ಪಿಯಲ್ಲೇ ಇದೆ, ನಮ್ಮ ಮನೆಯಿಂದ ಎರಡು ಓಣಿ ಆಚೆ. ಶಾಲೆ ಮುಗಿಸಿ ಅಲ್ಲಿಗೆ ಹೋಗಿದ್ದೆ. ಅಮ್ಮಿ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದರು. ಹುಬ್ಬಳ್ಳಿಯಲ್ಲಿ ಖಾಲಾನ ಮಗಳಿಗೆ ಹೆರಿಗೆಯಾಗಿತ್ತು. "ನಾಳೆ ಅಬ್ಬಾನ ಗಾಡಿ ಮ್ಯಾಲ ಹೋಗಿ ನೋಡ್ಕೊಂಡು ಬರ್ರಿ" ಎಂದೆ. ಅಮ್ಮಿಯ ಕೈ ಹಿಟ್ಟಿನ ಮೇಲೆ ನಿಂತಿತು.

"ಅವರ ಗಾಡಿ ಮ್ಯಾಲ ಕುಂತ್ರ ನಾ ಕಣ್ಣು ಮುಚ್ಚಿಕೊಂಡೇ ಇರತೀನಿ ಬೇಟಿ. ಕಲಿಮಾ ಓದ್ಕೋತ ಕುಂತಿರತೀನಿ" ಎಂದರು.

ನಾನು ನಗಬೇಕೆಂದುಕೊಂಡೆ. ಅವರ ಮುಖ ನೋಡಿದ ಮೇಲೆ ನಗು ಬರಲಿಲ್ಲ. ಮೂರು ವಾರದ ಹಿಂದೆ ಮಗ್ರಿಬ್ ಆದ ಮೇಲೆ ಇಬ್ಬರೂ ಹುಬ್ಬಳ್ಳಿಯಿಂದ ಬರುತ್ತಿದ್ದರಂತೆ. ಗದಗ ಹೆದ್ದಾರಿಯ ಅಂಚಿನಲ್ಲಿ ಹತ್ತಿ ಹೇರಿದ ಟ್ರ್ಯಾಕ್ಟರೊಂದು ಕೆಟ್ಟು ನಿಂತಿತ್ತು. ಅದರ ಟ್ರೇಲರ್‌ಗೆ ಹಿಂದೆ ದೀಪವಿರಲಿಲ್ಲ, ಕೆಂಪು ಪಟ್ಟಿಯೂ ಇರಲಿಲ್ಲ. ಎದುರಿನಿಂದ ಲಾರಿಯ ಬೆಳಕು ಕಣ್ಣಿಗೆ ಹೊಡೆಯುತ್ತಿತ್ತು. ಅಮ್ಮಿ ಕೂಗಿಕೊಂಡ ಮೇಲೆಯೇ ಅಬ್ಬಾ ಬ್ರೇಕ್ ಹಾಕಿದ್ದು. ಗಾಡಿಯ ಮುಂದಿನ ಚಕ್ರ ಟ್ರೇಲರ್‌ನಿಂದ ಒಂದು ಮೊಳ ದೂರದಲ್ಲಿ ನಿಂತಿತು. ಅಬ್ಬಾ ಟ್ರ್ಯಾಕ್ಟರಿನವನನ್ನು ಬೈದರು, ಗಾಡಿ ತಿರುಗಿಸಿಕೊಂಡು ಮನೆಗೆ ಬಂದರು, ನಮಾಝ್ ಮಾಡಿ ಊಟ ಮಾಡಿ ಮಲಗಿದರು. ಅಮ್ಮಿಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಮೂರು ವಾರ ಅವರು ಅದನ್ನು ಯಾರ ಮುಂದೆಯೂ ಹೇಳಿರಲಿಲ್ಲ.

"ಯಾಕ ಹೇಳ್ಲಿಲ್ಲ ಅಮ್ಮಿ?"

"ಏನಂತ ಹೇಳ್ಲಿ? ನಲವತ್ತು ವರ್ಷ ಗಾಡಿ ಹೊಡದವರಿಗೆ ಹಿಂದ ಕೂಡೋ ಹೆಂಗಸು ಬುದ್ಧಿ ಹೇಳೋದ?"

ಸಹೋದರಿಯರೇ, ಈ ತಿಂಗಳ ಮಾತು ಇದೇ. ನಮ್ಮ ಮನೆಗಳ ಹಿರಿಯರು ಗಾಡಿ ಓಡಿಸಲು ಇನ್ನೂ ಸಮರ್ಥರೇ ಎಂಬುದನ್ನು ಯಾರು ನೋಡಬೇಕು, ಹೇಗೆ ನೋಡಬೇಕು, ನೋಡಿದ ಮೇಲೆ ಏನು ಮಾಡಬೇಕು? ಸರ್ಕಾರ ನೋಡುತ್ತದೆ, ಡಾಕ್ಟರ್ ನೋಡುತ್ತಾರೆ ಎಂದು ನಾವು ನಿಶ್ಚಿಂತೆಯಿಂದ ಇದ್ದೇವೆ. ನಿಜವಾಗಿ ನೋಡುತ್ತಿರುವವಳು ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕುಳಿತಿದ್ದಾಳೆ.

ಕಾಗದ ಏನು ಹೇಳುತ್ತದೆ?

ಮೊದಲು ಕಾನೂನನ್ನು ತಿಳಿಯೋಣ. ನಮ್ಮ ದೇಶದಲ್ಲಿ 1988ರ ಮೋಟಾರು ವಾಹನ ಕಾಯ್ದೆ ನಡೆಯುತ್ತಿದೆ. 2019ರಲ್ಲಿ ಅದಕ್ಕೆ ದೊಡ್ಡ ತಿದ್ದುಪಡಿಯಾಯಿತು. ಆ ಪ್ರಕಾರ ಸ್ವಂತ ಗಾಡಿಯ ಲೈಸೆನ್ಸ್ 30 ವರ್ಷದೊಳಗೆ ಪಡೆದರೆ 40 ತುಂಬುವವರೆಗೆ ನಡೆಯುತ್ತದೆ. 30ರಿಂದ 50ರ ನಡುವೆ ಪಡೆದರೆ 10 ವರ್ಷ, 50ರಿಂದ 55ರ ನಡುವೆ ಪಡೆದರೆ 60 ತುಂಬುವವರೆಗೆ. 55 ದಾಟಿದವರಿಗೆ ಪ್ರತಿ ಸಲವೂ 5 ವರ್ಷ. ಇಂತಿಷ್ಟು ವಯಸ್ಸಾದ ಮೇಲೆ ಗಾಡಿ ಓಡಿಸಲೇಬಾರದು ಎಂಬ ಗಡಿ ನಮ್ಮ ಕಾನೂನಿನಲ್ಲಿ ಇಲ್ಲ.

40 ದಾಟಿದವರು ನವೀಕರಣದ ಅರ್ಜಿಯ ಜೊತೆ ವೈದ್ಯರ ಪ್ರಮಾಣಪತ್ರ ಕೊಡಬೇಕು. ಅದಕ್ಕೆ ಫಾರ್ಮ್ 1ಎ ಎಂದು ಹೆಸರು. ಈ ಫಾರ್ಮನ್ನು ನಮ್ಮಲ್ಲಿ ಎಷ್ಟು ಜನ ಓದಿದ್ದಾರೆ? ಅದರಲ್ಲಿ ಕೇಳುವ ಪ್ರಶ್ನೆಗಳು ಒಳ್ಳೆಯವೇ. ಮೂರ್ಛೆ ರೋಗ, ತಲೆಸುತ್ತು, ಮಾನಸಿಕ ಕಾಯಿಲೆ ಇದೆಯೇ? ಕಣ್ಣಿನ ದೋಷವಿದ್ದರೆ ಕನ್ನಡಕದಿಂದ ಸರಿಹೋಗಿದೆಯೇ? ತೀವ್ರವಾದ ಬಣ್ಣಗುರುಡು ಇದೆಯೇ? ಒಳ್ಳೆಯ ಹಗಲು ಬೆಳಕಿನಲ್ಲಿ 25 ಮೀಟರ್ ದೂರದಿಂದ ಕಾರಿನ ನಂಬರ್ ಪ್ಲೇಟ್ ಓದಬಲ್ಲರೇ? ಇರುಳುಗಣ್ಣು ಇದೆಯೇ? ಹಾರ್ನ್ ಕೇಳದಷ್ಟು ಕಿವುಡಿದೆಯೇ? ಕೈಕಾಲುಗಳಲ್ಲಿ ಊನವಿದೆಯೇ?

ಇಷ್ಟನ್ನು ಮನಸ್ಸಿಟ್ಟು ನೋಡಿದರೆ ಅರ್ಧ ಅಪಾಯ ಅಲ್ಲಿಯೇ ಗೊತ್ತಾಗುತ್ತದೆ. ಆದರೆ ನಡೆಯುವುದು ಏನು? ಎರಡು ವರ್ಷದ ಹಿಂದೆ ಅಬ್ಬಾನ ಲೈಸೆನ್ಸ್ ನವೀಕರಣಕ್ಕೆ ನಾನೇ ಜೊತೆಗೆ ಹೋಗಿದ್ದೆ. ಆಗ ಅವರಿಗೆ 69. ಒಂದು ದವಾಖಾನೆಯಲ್ಲಿ ಫಾರ್ಮ್ ಮುಂದಿಟ್ಟೆವು. ಅಲ್ಲಿದ್ದ ಡಾಕ್ಟರ್ ಸಾಹೇಬರು ತಲೆ ಎತ್ತಲಿಲ್ಲ. ಹೆಸರು ಕೇಳಿದರು, ಸಹಿ ಹಾಕಿದರು, ಸೀಲು ಒತ್ತಿದರು. ಗೋಡೆಯ ಮೇಲೆ ಕಣ್ಣಿನ ಅಕ್ಷರಗಳ ಪಟ ತೂಗುತ್ತಿತ್ತು. ಅದರ ಕಡೆ ಯಾರೂ ನೋಡಲಿಲ್ಲ. ನಾವೂ ಸಂತೋಷದಿಂದಲೇ ಹೊರಗೆ ಬಂದೆವು, ಕೆಲಸ ಬೇಗ ಮುಗಿಯಿತಲ್ಲ! ಈ ತಪ್ಪಿನಲ್ಲಿ ನನ್ನ ಪಾಲೂ ಇದೆ. ಹಾಗೆ ಸಿಕ್ಕ ಸಹಿ 74 ತುಂಬುವವರೆಗೆ ಅಬ್ಬಾನ ಕಣ್ಣಿಗೆ ಸಾಕ್ಷಿ ಹೇಳುತ್ತದೆ.

ನವೀಕರಣದ ವೇಳೆ ಗಾಡಿ ಓಡಿಸಿ ತೋರಿಸುವ ಪರೀಕ್ಷೆಯೂ ಇಲ್ಲ. ಲೈಸೆನ್ಸ್ ಅವಧಿ ಮುಗಿದು ಒಂದು ವರ್ಷ ದಾಟಿದರೆ ಮಾತ್ರ ಆ ಪರೀಕ್ಷೆ. 71ರ ಮನುಷ್ಯನ ಕಣ್ಣು, ಕಿವಿ, ಮೊಣಕಾಲು ಒಂದು ವರ್ಷದಲ್ಲೇ ಎಷ್ಟು ಬದಲಾಗುತ್ತವೆ ಎಂಬುದು ಮನೆಯವರಿಗೆ ಗೊತ್ತು, ಕಚೇರಿಯ ಕಡತಕ್ಕೆ ಗೊತ್ತಿಲ್ಲ.

ಇನ್ನೊಂದು ಮಾತು. ಲೈಸೆನ್ಸ್ ಕೈಯಲ್ಲಿದ್ದರೆ ಎಲ್ಲವೂ ಸರಿ ಎಂದು ಕಾನೂನು ಹೇಳುವುದಿಲ್ಲ. ಕಾಯಿಲೆಯಿಂದಾಗಿ ಒಬ್ಬರು ಗಾಡಿ ಓಡಿಸುವುದು ಅಪಾಯ ಎಂದು ನಂಬಲು ಕಾರಣವಿದ್ದರೆ, ಅವಧಿಯ ನಡುವೆಯೇ ವೈದ್ಯರ ಪ್ರಮಾಣಪತ್ರ ಕೇಳುವ, ಲೈಸೆನ್ಸನ್ನು ರದ್ದು ಮಾಡುವ ಅಧಿಕಾರ ಆರ್‌ಟಿಓಗೆ ಇದೆ. ಅದು ಕಾಯ್ದೆಯ 16ನೆಯ ಕಲಂ. ತನ್ನ ಕಾಯಿಲೆಯಿಂದ ಜನರಿಗೆ ಅಪಾಯವಾದೀತು ಎಂದು ತಿಳಿದಿದ್ದೂ ಗಾಡಿ ಓಡಿಸಿದರೆ 186ನೆಯ ಕಲಂ ಪ್ರಕಾರ ದಂಡವಿದೆ. ಲೈಸೆನ್ಸ್ ಅವಧಿ ಮುಗಿದಿರುವಾಗ ಅಪಘಾತವಾದರೆ ಗಾಯಾಳುವಿಗೆ ಕೊಟ್ಟ ಪರಿಹಾರದ ಹಣವನ್ನು ಗಾಡಿಯ ಮಾಲೀಕರಿಂದ ವಸೂಲಿ ಮಾಡಿಕೊಳ್ಳಲು ವಿಮಾ ಕಂಪನಿಗೆ ನ್ಯಾಯಾಲಯಗಳು ಅನುಮತಿ ಕೊಟ್ಟದ್ದುಂಟು. ಅಂತಹ ಒಂದು ತೀರ್ಪು ಬಂದರೆ ಹೊಲ ಮಾರಬೇಕಾದೀತು.

ವಯಸ್ಸು ಏನು ಮಾಡುತ್ತದೆ?

ವಯಸ್ಸೇ ತಪ್ಪಲ್ಲ. ಎಷ್ಟೋ ಹಿರಿಯರು ಹುಡುಗರಿಗಿಂತ ನಿಧಾನವಾಗಿ, ಎಚ್ಚರದಿಂದ ಗಾಡಿ ಓಡಿಸುತ್ತಾರೆ. ಕುಡಿಯುವುದಿಲ್ಲ, ಒಂದು ಕೈಯಲ್ಲಿ ಮೊಬೈಲ್ ಹಿಡಿದು ಓಡಿಸುವುದಿಲ್ಲ. ಆದರೆ ವಯಸ್ಸಿನ ಜೊತೆ ಬರುವ ಕೆಲವು ಬದಲಾವಣೆಗಳು ಸದ್ದಿಲ್ಲದೆ ಬರುತ್ತವೆ, ಬಂದದ್ದು ಸ್ವತಃ ಅವರಿಗೇ ತಿಳಿಯುವುದಿಲ್ಲ.

ಮೊದಲನೆಯದು ಕಣ್ಣು. ಕತ್ತಲಲ್ಲಿ 20ರ ಹುಡುಗನ ಕಣ್ಣಿನ ಒಳಪರದೆಗೆ ತಲುಪುವ ಬೆಳಕಿನಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ 60ರ ಕಣ್ಣಿನ ಒಳಪರದೆಗೆ ತಲುಪುತ್ತದೆ. ಕಣ್ಣಿನ ಪೊರೆ ಬಂದರೆ ಎದುರಿನ ದೀಪ ಒಂದಕ್ಕೆ ಹತ್ತಾಗಿ ಚೆದುರುತ್ತದೆ, ಅದರ ಪಕ್ಕದಲ್ಲಿ ನಿಂತ ಮನುಷ್ಯ ಕಾಣುವುದೇ ಇಲ್ಲ. ಗ್ಲಾಕೋಮಾ ಬಂದರೆ ಮುಂದೆ ನೇರವಾಗಿ ಕಾಣುತ್ತದೆ, ಪಕ್ಕದ ನೋಟ ಹೋಗುತ್ತದೆ. ಓಣಿಯಿಂದ ಓಡಿ ಬರುವ ಮಗು ಬರುವುದೇ ಪಕ್ಕದಿಂದ ಅಲ್ಲವೇ?

ಎರಡನೆಯದು ಸಮಯ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಮುಂದೆ ಹೋಗಿರುತ್ತದೆ. ಫಾರ್ಮಿನಲ್ಲಿ ಹೇಳಿದ 25 ಮೀಟರ್ ಕಳೆಯಲು ಎರಡು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಸಾಕು. ನೋಡುವುದು, ಅರ್ಥ ಮಾಡಿಕೊಳ್ಳುವುದು, ಕೈ ಬ್ರೇಕಿಗೆ ಹೋಗುವುದು ಎಲ್ಲವೂ ಅಷ್ಟರಲ್ಲೇ ಆಗಬೇಕು. ಒಂದು ಸೆಕೆಂಡ್ ತಡವಾದರೂ 11 ಮೀಟರ್ ಹೋಯಿತು.

ಮೂರನೆಯದು ಶರೀರ. ಕುತ್ತಿಗೆ ತಿರುಗದಿದ್ದರೆ ಹಿಂದಿನಿಂದ ಬರುವ ಲಾರಿ ಕಾಣುವುದಿಲ್ಲ. ಹಳೆಯ ಸಕ್ಕರೆ ಕಾಯಿಲೆಯಿಂದ ಪಾದಗಳು ಜೋಮು ಹಿಡಿದರೆ ಕಾಲ ಕೆಳಗೆ ಬ್ರೇಕ್ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಇನ್ಸುಲಿನ್ ಅಥವಾ ಸಕ್ಕರೆಯ ಮಾತ್ರೆ ತೆಗೆದುಕೊಂಡು ಊಟ ತಪ್ಪಿಸಿದರೆ ಸಕ್ಕರೆ ಇಳಿದು ದಾರಿಯಲ್ಲೇ ಕಣ್ಣು ಕತ್ತಲಾದೀತು. ರಮಝಾನಿನಲ್ಲಿ ಇದನ್ನು ಡಾಕ್ಟರರ ಹತ್ತಿರ ವಿಶೇಷವಾಗಿ ಕೇಳಬೇಕು. ನಿದ್ದೆಯ ಮಾತ್ರೆ, ನೆಗಡಿಯ ಕೆಲವು ಮಾತ್ರೆ, ಬಿಪಿಯ ಹೊಸ ಮಾತ್ರೆ, ಮೂತ್ರದ ತೊಂದರೆಗೆ ಗಂಡಸರಿಗೆ ಕೊಡುವ ಕೆಲವು ಮಾತ್ರೆಗಳು ಮಂಪರು ಅಥವಾ ತಲೆಸುತ್ತು ತರುತ್ತವೆ. ಹೊಸ ಮಾತ್ರೆ ಬರೆದಾಗ "ಇದನ್ನ ತಗೊಂಡು ಗಾಡಿ ಹೊಡೀಬಹುದೇನ್ರಿ?" ಎಂದು ಕೇಳುವುದು ನಮ್ಮ ಹಕ್ಕು.

ನಾಲ್ಕನೆಯದು ನೆನಪು. ಇದು ಎಲ್ಲಕ್ಕಿಂತ ಕಷ್ಟದ್ದು, ಆ ಮಾತಿಗೆ ಮುಂದೆ ಬರುತ್ತೇನೆ.

ಬೀಗದ ಕೈ ಬಚ್ಚಿಟ್ಟದ್ದು

ಅಮ್ಮಿ ಹೇಳಿದ್ದನ್ನು ನಾನು ತಮ್ಮನಿಗೆ ಹೇಳಿದೆ. ಅವನಿಗೆ ಸಿಟ್ಟು ಬಂತು. ಮರುದಿನವೇ ಗಾಡಿಯ ಕೀಲಿ ತೆಗೆದು ಬಚ್ಚಿಟ್ಟ. ಫಜ್ರ್‌ಗೆ ಎದ್ದ ಅಬ್ಬಾ ಮೊಳೆಗೆ ಕೈ ಹಾಕಿದರೆ ಕೀಲಿ ಇಲ್ಲ. "ಇನ್ನ ಮ್ಯಾಲ ಗಾಡಿ ಬ್ಯಾಡ್ರಿ, ನಿಮಗ ವಯಸ್ಸಾತು" ಎಂದು ತಮ್ಮ ಹೆಂಡತಿ ಮಕ್ಕಳ ಮುಂದೆಯೇ ಹೇಳಿಬಿಟ್ಟ.

ಅಬ್ಬಾ ಜಗಳವಾಡಲಿಲ್ಲ. ಜಗಳವಾಡಿದ್ದರೆ ಚೆನ್ನಾಗಿತ್ತು! ಮಸೀದಿಗೆ ನಡೆದು ಹೋದರು. ಮೊಣಕಾಲು ನೋವೆಂದು ಎರಡನೆಯ ದಿನ ಹೋಗಲಿಲ್ಲ. ಹೊಲಕ್ಕೆ ಹೋಗುವುದು ನಿಂತಿತು. ಸಂಜೆ ಗೆಳೆಯರ ಜೊತೆ ಚಹಾ ಕುಡಿಯಲು ಹೋಗುವುದು ನಿಂತಿತು. ಊಟಕ್ಕೆ ಕುಳಿತರೆ ಮಾತಿಲ್ಲ. ಮೊಮ್ಮಗಳನ್ನು ಶಾಲೆಗೆ ಬಿಡುವುದು ಅವರ ದಿನದ ದೊಡ್ಡ ಕೆಲಸವಾಗಿತ್ತು, ಅದೂ ಹೋಯಿತು. ಒಂದು ವಾರದಲ್ಲಿ ಅವರು ಹತ್ತು ವರ್ಷ ಮುದುಕರಾದಂತೆ ಕಂಡರು. ಅಮ್ಮಿ ನನ್ನನ್ನು ಕರೆದು, "ನಾನs ತಪ್ಪು ಮಾಡಿದೆ, ನಿನಗ ಹೇಳಬಾರದಿತ್ತು" ಎಂದು ಅತ್ತರು.

ಅಮ್ಮಿ ಹೇಳಿದ್ದು ತಪ್ಪಲ್ಲ. ನಾವು ಮಾಡಿದ ರೀತಿ ತಪ್ಪು. ತಂದೆತಾಯಿಗಳ ಮುಂದೆ ಬೇಸರದ ಒಂದು ಸದ್ದೂ ಹೊರಡಬಾರದು ಎಂದು ಮದ್ರಸದಲ್ಲಿ ಮಕ್ಕಳಿಗೆ ಕಲಿಸುವವಳು ನಾನು. ಅಬ್ಬಾನ ಕೀಲಿ ಬಚ್ಚಿಟ್ಟ ಮನೆಯಲ್ಲಿ ನಾನೂ ಇದ್ದೆ. ಹಾಗೆಂದು ಸುಮ್ಮನಿದ್ದು ಇನ್ನೊಬ್ಬರ ಮಗುವಿನ ಜೀವದ ಮೇಲೆ ಆಟವಾಡುವುದು ಗೌರವವೇ? ಅದೂ ಅಲ್ಲ. ಇವೆರಡರ ನಡುವೆ ಒಂದು ದಾರಿ ಬೇಕಿತ್ತು.

ಬೇರೆ ದೇಶಗಳೂ ಈ ದಾರಿಯನ್ನು ಹುಡುಕುತ್ತಲೇ ಇವೆ. ಜಪಾನಿನಲ್ಲಿ 75 ದಾಟಿದ ಚಾಲಕರು ಲೈಸೆನ್ಸ್ ನವೀಕರಿಸುವಾಗ ನೆನಪಿನ ಪರೀಕ್ಷೆಗೆ ಕೂರಬೇಕು. ಇದು 2009ರಲ್ಲಿ ಆರಂಭವಾಯಿತು. 2019ರ ಏಪ್ರಿಲ್‌ನಲ್ಲಿ ಟೋಕಿಯೋ ನಗರದ ಇಕೆಬುಕುರೊ ಎಂಬಲ್ಲಿ 87 ವರ್ಷದ ಒಬ್ಬರ ಕಾರು ಸೈಕಲ್ ಮೇಲಿದ್ದ ತಾಯಿಗೂ 3 ವರ್ಷದ ಮಗಳಿಗೂ ಬಡಿದು ಇಬ್ಬರೂ ತೀರಿಕೊಂಡರು. ಬ್ರೇಕ್ ಎಂದು ತಿಳಿದು ಅವರು ಒತ್ತಿದ್ದು ಆಕ್ಸಿಲರೇಟರ್ ಎಂದು ನ್ಯಾಯಾಲಯ 2021ರಲ್ಲಿ ತೀರ್ಪು ಕೊಟ್ಟಿತು. ಆ ಸುದ್ದಿ ಕೇಳಿದ ಜಪಾನಿನ ಹಿರಿಯರು ತಾವಾಗಿಯೇ ಲೈಸೆನ್ಸ್ ಹಿಂದಿರುಗಿಸತೊಡಗಿದರು. 2019 ಒಂದೇ ವರ್ಷದಲ್ಲಿ ಅಲ್ಲಿ ಸುಮಾರು 6 ಲಕ್ಷ ಜನ ಲೈಸೆನ್ಸ್ ಮರಳಿಸಿದರು. ಹಾಗೆ ಮರಳಿಸಿದವರಿಗೆ ಒಂದು ಪ್ರಮಾಣಪತ್ರ ಸಿಗುತ್ತದೆ. ಅದನ್ನು ತೋರಿಸಿದರೆ ಎಷ್ಟೋ ಊರುಗಳಲ್ಲಿ ಬಸ್ಸು, ಟ್ಯಾಕ್ಸಿಗಳಲ್ಲಿ ರಿಯಾಯಿತಿ ಉಂಟು. ಲೈಸೆನ್ಸ್ ಕೊಟ್ಟವರನ್ನು ಅವರು ಬರಿಗೈಯಲ್ಲಿ ಕಳಿಸುವುದಿಲ್ಲ.

ಡೆನ್ಮಾರ್ಕ್ ದೇಶದ ಪಾಠ ಬೇರೆ. ಅಲ್ಲಿ 2006ರಿಂದ 70 ದಾಟಿದ ಚಾಲಕರಿಗೆಲ್ಲ ನೆನಪಿನ ಪರೀಕ್ಷೆ ಕಡ್ಡಾಯ ಮಾಡಿದರು. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅದರ ಫಲವನ್ನು ಅಳೆದು ನೋಡಿತು. ಕಾರಿನಲ್ಲಿ ಹೋಗುವ ಹಿರಿಯರ ಸಾವುನೋವು ಅದರಿಂದ ಕಡಿಮೆಯಾದದ್ದು ಕಾಣಲಿಲ್ಲ. ಬದಲಿಗೆ ನಡೆದು, ಸೈಕಲ್ ತುಳಿದು ಹೋಗುವ ಹಿರಿಯರ ಸಾವು ಹೆಚ್ಚಿತ್ತು! ಕಾರು ಬಿಡಿಸಿದರೆ ಅವರು ಮನೆಯಲ್ಲಿ ಕೂರಲಿಲ್ಲ, ಬರಿಗಾಲಿನಲ್ಲಿ ರಸ್ತೆಗೆ ಬಂದರು. ಫುಟ್‌ಪಾತ್ ಇಲ್ಲದ ನಮ್ಮ ಹೆದ್ದಾರಿಯ ಅಂಚಿನಲ್ಲಿ ಮಸೀದಿಗೆ ನಡೆದು ಹೊರಟ ಅಬ್ಬಾ ನನ್ನ ಕಣ್ಣ ಮುಂದೆ ಬಂದರು. ಕೀಲಿ ಕಿತ್ತುಕೊಂಡರೆ ನಮ್ಮ ಕೆಲಸ ಮುಗಿಯುವುದಿಲ್ಲ ಎಂದು ಆಗ ಅರ್ಥವಾಯಿತು.

ಮೂವತ್ತೈದು ಹೆಜ್ಜೆ

ಒಂದು ಭಾನುವಾರ ಬೆಳಿಗ್ಗೆ ಅಬ್ಬಾ ಕಟ್ಟೆಯ ಮೇಲೆ ಕುಳಿತಿದ್ದರು. ನನಗೂ 46 ಆಗಿದೆ, ಸ್ಕೂಟಿಯಲ್ಲಿ ಶಾಲೆಗೆ ಹೋಗುತ್ತೇನೆ, ನನ್ನ ಲೈಸೆನ್ಸೂ ನವೀಕರಣಕ್ಕೆ ಬಂದಿತ್ತು. ಫಾರ್ಮ್ 1ಎ ಕೈಯಲ್ಲಿ ಹಿಡಿದುಕೊಂಡು ಹೋಗಿ, "ಅಬ್ಬಾ, ಇದರಾಗ 25 ಮೀಟರಿಂದ ನಂಬರ್ ಓದಬೇಕಂತ ಐತಿ. ನಾ ಓದತೀನಿ, ನೀವು ಹೆಜ್ಜಿ ಎಣಿಸ್ರಿ" ಎಂದೆ. ಪಕ್ಕದ ಮನೆಯ ಕಾರು ಬಾಗಿಲಲ್ಲೇ ನಿಂತಿತ್ತು. ಅಬ್ಬಾ ಎದ್ದು ಕಾರಿನಿಂದ 35 ಹೆಜ್ಜೆ ಎಣಿಸಿದರು. ಸುಮಾರು 25 ಮೀಟರ್ ಆಯಿತು.

ನಾನು ಓದಿದೆ. ಕೊನೆಯ ಎರಡು ಅಂಕಿ ತಪ್ಪಾಯಿತು! ಅಬ್ಬಾ ಬಹಳ ದಿನದ ಮೇಲೆ ನಕ್ಕರು. "ಮಾಸ್ತರಣಿ ನಪಾಸು" ಎಂದರು. ಕನ್ನಡಕದ ನಂಬರ್ ಬದಲಾಗಿದೆ ಎಂದು ನನಗೆ ಗೊತ್ತಾದದ್ದೇ ಆಗ. "ಈಗ ನೀವು ಓದ್ರಿ ಅಬ್ಬಾ" ಎಂದೆ. ಅವರು ನಗುತ್ತಲೇ ನಿಂತರು. ಆಮೇಲೆ ಕಣ್ಣು ಕಿರಿದು ಮಾಡಿದರು. ಎರಡು ಹೆಜ್ಜೆ ಮುಂದೆ ಬಂದರು. ಮತ್ತೆ ನಾಲ್ಕು ಹೆಜ್ಜೆ. ಅರ್ಧ ದಾರಿ ಬಂದ ಮೇಲೆ ನಿಂತು, ಎಡಗಣ್ಣನ್ನು ಕೈಯಿಂದ ಮುಚ್ಚಿ ನೋಡಿದರು, ಕೈ ತೆಗೆದರು. ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ನಂತರ, "ಡಾಕ್ಟರಗ ತೋರಿಸೋಣು" ಎಂದರು. ಆ ಮಾತನ್ನು ಅವರೇ ಆಡಿದರು. ನಮ್ಮ ಯಾರ ಬಾಯಿಂದ ಬಂದಿದ್ದರೂ ಅದಕ್ಕೆ ಆ ತೂಕವಿರುತ್ತಿರಲಿಲ್ಲ.

ಎರಡೂ ಕಣ್ಣಲ್ಲಿ ಪೊರೆ ಇತ್ತು, ಬಲಗಣ್ಣಿನದು ಚೆನ್ನಾಗಿ ಬಲಿತಿತ್ತು. ಆಪರೇಷನ್ ಆಯಿತು, ಡಾಕ್ಟರ್ ಹೇಳುವವರೆಗೆ ಗಾಡಿ ಮುಟ್ಟಲಿಲ್ಲ. ಪೊರೆ ತೆಗೆಸಿಕೊಂಡ ಹಿರಿಯ ಚಾಲಕರಿಗೆ, ತೆಗೆಸಿಕೊಳ್ಳದವರಿಗೆ ಹೋಲಿಸಿದರೆ ಅಪಘಾತ ಸುಮಾರು ಅರ್ಧದಷ್ಟೇ ಎಂದು ಅಮೆರಿಕದ ಅಲಬಾಮಾದ ಸಂಶೋಧಕರು 2002ರಲ್ಲಿ ತೋರಿಸಿದ್ದಾರೆ. ನೋಡಿ, ಪರೀಕ್ಷೆ ಎಂದರೆ ಗಾಡಿ ಬಿಡಿಸುವುದು ಮಾತ್ರವಲ್ಲ. ಎಷ್ಟೋ ಸಲ ಪರೀಕ್ಷೆಯೇ ಗಾಡಿಯನ್ನು ಉಳಿಸಿಕೊಡುತ್ತದೆ.

ನೀವು ಏನನ್ನು ನೋಡಬೇಕು?

ಹಿಂದೆ ಕೂರುವ ಸಹೋದರಿಯರೇ, ಕಣ್ಣು ತೆರೆಯಿರಿ. ಅವರು ಹತ್ತಿರ ಬಂದ ಮೇಲೆಯೇ ಹಂಪ್ಸ್, ಗುಂಡಿ, ದನ ಕಾಣುತ್ತಿವೆಯೇ? ರಾತ್ರಿ ಎದುರು ದೀಪ ಬಂದಾಗ ಗಾಡಿಯನ್ನು ಅಂದಾಜಿನಲ್ಲಿ ಓಡಿಸುತ್ತಾರೆಯೇ? ಹಿಂದಿನವರು ಪದೇ ಪದೇ ಹಾರ್ನ್ ಹೊಡೆದರೂ ಕೇಳುವುದಿಲ್ಲವೇ? ತಿರುವಿನಲ್ಲಿ ಕತ್ತು ಹೊರಳಿಸಿ ನೋಡುತ್ತಾರೆಯೇ, ನೇರ ನುಗ್ಗುತ್ತಾರೆಯೇ? ಗಾಡಿ ನಿಲ್ಲಿಸುವಾಗ ಕಾಲು ಊರಲಾರದೆ ವಾಲುತ್ತಾರೆಯೇ? ಇಂಡಿಕೇಟರ್ ಹಾಕಿದ್ದು ಮೈಲುಗಟ್ಟಲೆ ಹಾಗೆಯೇ ಇರುತ್ತದೆಯೇ? ಗಾಡಿಯ ಮೇಲೆ ಹೊಸ ಗೀರುಗಳು ಕಾಣುತ್ತಿವೆಯೇ? ಹೇಗಾಯಿತೆಂದು ಕೇಳಿದರೆ ಸಿಟ್ಟಾಗುತ್ತಾರೆಯೇ? ಒಂದು ದಿನ ಒಂದು ಸಲ ಆದದ್ದನ್ನು ದೊಡ್ಡದು ಮಾಡಬೇಡಿ, ಅದು ಎಲ್ಲರಿಗೂ ಆಗುತ್ತದೆ. ಇವುಗಳಲ್ಲಿ ಎರಡು ಮೂರು ಮತ್ತೆ ಮತ್ತೆ ಆಗುತ್ತಿದ್ದರೆ ಡಾಕ್ಟರಿಗೆ ಹೇಳಿ. ಯಾವ ದಿನ, ಎಲ್ಲಿ, ಏನಾಯಿತು ಎಂದು ಬರೆದುಕೊಂಡು ಹೋಗಿ. "ಸರಿಯಾಗಿ ಓಡಸೂದಿಲ್ರಿ" ಎಂಬ ದೂರಿಗಿಂತ ಅದು ಡಾಕ್ಟರಿಗೆ ಹೆಚ್ಚು ಉಪಯೋಗ.

ಈಗ ನೆನಪಿನ ಮಾತು. ನನ್ನ ಶಾಲೆಯ ಒಂದು ಮಗುವಿನ ದಾದಾ ಅಮರಗೋಳದ ಎಪಿಎಂಸಿಗೆ ನೂರಾರು ಸಲ ಹೋಗಿ ಬಂದವರು. ಒಂದು ದಿನ ಅಲ್ಲಿಂದ ಮನೆಗೆ ಬರುವ ದಾರಿ ತಿಳಿಯದೆ ರಾತ್ರಿಯವರೆಗೆ ಹುಬ್ಬಳ್ಳಿಯ ಬೀದಿಗಳಲ್ಲಿ ಸುತ್ತಿದರು. ಕ್ಲಚ್ ಯಾವುದು, ಬ್ರೇಕ್ ಯಾವುದು ಎಂದು ತಡವರಿಸುವುದು, ಗೊತ್ತಿದ್ದ ದಾರಿ ತಪ್ಪುವುದು, ಯಾವ ಊರಿಗೆ ಹೊರಟೆ ಎಂಬುದೇ ಮರೆಯುವುದು ಮುಪ್ಪಿನ ಸಾಮಾನ್ಯ ಮರೆವಲ್ಲ. ಇಂಥಲ್ಲಿ ಹೊಂದಾಣಿಕೆಗೆ ಅವಕಾಶವಿಲ್ಲ. ಗಾಡಿ ಅಂದೇ ನಿಲ್ಲಬೇಕು, ಆನಂತರ ಪರೀಕ್ಷೆ ಆಗಬೇಕು. ನಮ್ಮ ಭಾಗದವರಿಗೆ ಹುಬ್ಬಳ್ಳಿಯ ಕಿಮ್ಸ್ ಇದೆ, ಧಾರವಾಡದ ಡಿಮ್ಹಾನ್ಸ್ ಇದೆ. ಅಲ್ಲಿ ಡಾಕ್ಟರರು ಗಡಿಯಾರದ ಚಿತ್ರ ಬರೆದು ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ ಎನ್ನಬಹುದು, ಕೆಲವು ಶಬ್ದ ಹೇಳಿ ಸ್ವಲ್ಪ ಹೊತ್ತಿನ ಮೇಲೆ ಕೇಳಬಹುದು. ಮಕ್ಕಳಾಟದಂತೆ ಕಂಡರೂ ಯೋಚನೆ, ಅಳತೆ, ನೆನಪು ಮೂರನ್ನೂ ಅದು ಒಟ್ಟಿಗೆ ನೋಡುತ್ತದೆ. ಮನೆಯಲ್ಲೇ ಗಡಿಯಾರ ಬರೆಸಿ ತೀರ್ಪು ಕೊಡಲು ಹೋಗಬೇಡಿ. ಒಂದೇ ಚಿತ್ರದಿಂದ ಡಾಕ್ಟರರೂ ನಿರ್ಧರಿಸುವುದಿಲ್ಲ.

ಹೇಳುವುದು ಹೇಗೆ?

ನಾವು ತಪ್ಪು ಮಾಡಿ ಕಲಿತದ್ದನ್ನು ಹೇಳುತ್ತೇನೆ. ಸೊಸೆ, ಮೊಮ್ಮಕ್ಕಳ ಮುಂದೆ ಹೇಳಬೇಡಿ. ಅಪಘಾತ ತಪ್ಪಿದ ಆ ಗಳಿಗೆಯ ಗಾಬರಿಯಲ್ಲಿ ಹೇಳಬೇಡಿ. "ನಿಮಗೆ ವಯಸ್ಸಾಯಿತು" ಎನ್ನಬೇಡಿ, ವಯಸ್ಸಿಗೆ ಮದ್ದಿಲ್ಲ. "ಮೊನ್ನೆ ಟ್ರ್ಯಾಕ್ಟರ್ ನಿಮಗೆ ಕಾಣಲಿಲ್ಲ, ಕಣ್ಣು ತೋರಿಸೋಣ" ಎನ್ನಿ, ಅದಕ್ಕೆ ಮದ್ದಿದೆ. ಅವರು ಯಾರ ಮಾತಿಗೆ ಬೆಲೆ ಕೊಡುತ್ತಾರೋ ಅವರಿಂದ ಹೇಳಿಸಿ. ನೆನಪು ಹೋದವರ ಮಾತು ಬೇರೆ, ಉಳಿದವರ ಕೀಲಿ ಬಚ್ಚಿಡಬೇಡಿ.

ಎಲ್ಲಕ್ಕಿಂತ ಮುಖ್ಯ, ಗಾಡಿ ಬಿಡಿಸುವ ಮೊದಲು ಗಾಡಿ ಮಾಡುತ್ತಿದ್ದ ಕೆಲಸಗಳನ್ನು ಎಣಿಸಿ. ನಮ್ಮ ಮನೆಯಲ್ಲಿ ಎಣಿಸಿದೆವು: ಮಸೀದಿ, ಹೊಲ, ಚಹಾ, ಮೊಮ್ಮಗಳ ಶಾಲೆ, ಹುಬ್ಬಳ್ಳಿ. ಫಜ್ರ್ ಮತ್ತು ಇಶಾಗೆ ಓಣಿಯ ಹುಡುಗನೊಬ್ಬ ತನ್ನ ಗಾಡಿಯಲ್ಲಿ ಕರೆದುಕೊಂಡು ಹೋಗುತ್ತಾನೆ, ಅವನೂ ಮಸೀದಿಗೆ ಬರುವವನೇ. ಹೊಲ, ಚಹಾ, ಶಾಲೆಗೆ ಹಗಲು ಹೊತ್ತಿನಲ್ಲಿ ಊರ ಒಳದಾರಿಯಲ್ಲಿ ಅಬ್ಬಾ ತಾವೇ ಗಾಡಿ ಓಡಿಸುತ್ತಾರೆ, ತಲೆಯ ಮೇಲೆ ಹೆಲ್ಮೆಟ್ ಇರುತ್ತದೆ. ಹೆದ್ದಾರಿಗೆ ಗಾಡಿ ಇಲ್ಲ, ಮಗ್ರಿಬ್ ಆದ ಮೇಲೆ ಗಾಡಿ ಇಲ್ಲ. ಆರು ತಿಂಗಳಿಗೊಮ್ಮೆ ಮತ್ತೆ 35 ಹೆಜ್ಜೆ. ಈ ಕರಾರಿಗೆ ಇಬ್ಬರೂ ಒಪ್ಪಿದ್ದೇವೆ, ನನ್ನ ಸ್ಕೂಟಿಗೂ ಅದು ಅನ್ವಯಿಸುತ್ತದೆ. ಅವರ ಕಣ್ಣಾಗಲಿ ಕಾಲಾಗಲಿ ಇನ್ನೂ ಇಳಿದರೆ ಕರಾರು ಬದಲಾಗುತ್ತದೆ ಎಂಬುದೂ ಅವರಿಗೆ ಗೊತ್ತು. ಆ ದಿನ ಸುಲಭವಾಗಿರುತ್ತದೆ ಎಂದು ನಾನು ಹೇಳಲಾರೆ.

ಹುಬ್ಬಳ್ಳಿಗೆ ಬಸ್ಸಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟಿನ ಹಣವಿಲ್ಲ. 60 ದಾಟಿದ ಗಂಡಸರಿಗೆ ಗುರುತಿನ ಚೀಟಿ ತೋರಿಸಿದರೆ 25ರಷ್ಟು ಶೇಕಡಾ ರಿಯಾಯಿತಿ. ಕಂಡಕ್ಟರ್ ಎರಡು ಟಿಕೆಟ್ ಹರಿದು ಕೊಟ್ಟಾಗ ಅಬ್ಬಾ ಅಮ್ಮಿಗೆ, "ನಿನಗ ಸೊನ್ನಿ, ನನಗ ಮುಕ್ಕಾಲು. ಮನಿಯಾಗೂ ಇದs ಲೆಕ್ಕ ನಡೀತೈತೇನು?" ಎಂದು ಕೇಳಿದರಂತೆ. ಅಮ್ಮಿ ಇದನ್ನು ನನಗೆ ಹೇಳಿ ನಕ್ಕರು.

"ಈಗ ದಾರಿಯೊಳಗ ಕಲಿಮಾ ಓದೂದು ಬಿಟ್ರೇನು?" ಎಂದು ಕೇಳಿದೆ.

"ಈಗೂ ಓದತೀನಿ. ಆದ್ರ ಕಣ್ಣು ತಕ್ಕೊಂಡು ಓದತೀನಿ. ಎರಡೂ ಕಡೆ ಎಷ್ಟ ಚಂದ ಹತ್ತಿ ಬೆಳದೈತಿ ಗೊತ್ತೇನು?"

ಸಹೋದರಿಯರೇ, ಈ ಸಂಚಿಕೆಯನ್ನು ಮುಚ್ಚಿಡುವ ಮೊದಲು ನಿಮ್ಮ ಅಮ್ಮಿ ಅಥವಾ ಅತ್ತೆಯ ಪಕ್ಕ ಒಂದು ಗಳಿಗೆ ಕುಳಿತು ಕೇಳಿ: "ಗಾಡಿ ಮೇಲೆ ಕೂತಾಗ ನಿಮಗೆ ಹೆದರಿಕೆ ಆಗುತ್ತದೆಯೇ?" ಅವರು ಹೇಳುವುದನ್ನು ಪೂರ್ತಿ ಕೇಳಿ, ನಡುವೆ ಮಾತಾಡಬೇಡಿ. ಅವರಿಗೆ ಗೊತ್ತಿರುವುದು ಯಾವ ಫಾರ್ಮಿನಲ್ಲೂ ಬರೆದಿಲ್ಲ. ನಮ್ಮ ಹಿರಿಯರನ್ನೂ, ಅವರ ಮುಂದೆ ದಾರಿ ದಾಟುವ ಮಕ್ಕಳನ್ನೂ ಅಲ್ಲಾಹನು ಕಾಪಾಡಲಿ. ಆಮೀನ್.